ತೆರೆಯದ ಕರಡಿಗೆ

ಸೂಗಪ್ಪನಿಗೆ ಹೊಟ್ಟೆಕಿಚ್ಚು ಹತ್ತಿತ್ತು. ಯಾರ ಮೇಲೆ ಅಂದರೆ ಹೇಳಲಿಕ್ಕೂ ನಾಚಿಕೆ, ಸ್ವಂತ ಮಗನ ಮೇಲೆ. ಪಕ್ಕದ ಮನೆಯವನು ಸ್ಕೂಟರ್ ಕೊಂಡಾಗ, ಜೊತೆಗಿದ್ದ ಗುಮಾಸ್ತ ಬಡ್ತಿ ಪಡೆದು ಕಾಜೀಪೇಟೆಗೆ ಹೋದಾಗ ಈ ಮನುಷ್ಯನಿಗೆ ಏನೂ ಅನ್ನಿಸಿರಲಿಲ್ಲ. ಹೋಗಿ ಹೋಗಿ, ಮೀಸೆ ಚಿಗುರುವ ಹುಡುಗ ವೈಜನಾಥನ ಮೇಲೆ ಅವನಿಗೆ ಉರಿ ಹತ್ತಬೇಕೆ? ಹುಡುಗ ಫೌಜಿಗೆ ಭರ್ತಿಯಾಗುತ್ತೇನೆ ಅಂದ ದಿನದಿಂದ ಶುರುವಾಯಿತು ಇದು.

ಅಲ್ಲ, ಸರಿಯಾಗಿ ಹೇಳಬೇಕು. ಹುಡುಗ ಹಾಗೆ ಅಂದದ್ದನ್ನು ಕೇಳಿ ಸೂಗಪ್ಪನ ತಾಯಿ ಅಂಬವ್ವ ಮೂಲೆಯಿಂದ ಎದ್ದು ಬಂದಳು. ಮೊಮ್ಮಗನ ಹಣೆಗೆ ವಿಭೂತಿ ಹಚ್ಚಿ, "ಹೋಗಿ ಬಾ ನನ್ನಪ್ಪ, ಚಲೋ ಆಗಲಿ" ಅಂದಳು. ಶುರುವಾದದ್ದು ಆ ಗಳಿಗೆಯಲ್ಲಿ.

ಅರವತ್ತೈದರ ಯುದ್ಧದ ಹೊತ್ತಿಗೆ ಸೂಗಪ್ಪನಿಗೂ ಹೆಚ್ಚುಕಡಿಮೆ ಇದೇ ವಯಸ್ಸು. ಭಾಲ್ಕಿ ಕಡೆಯಿಂದ ಬಂದು ಸಿಕಂದರಾಬಾದಿನ ಮಗ್ಗುಲಿನ ಮಲ್ಕಾಜ್‌ಗಿರಿಯಲ್ಲಿ ನೆಲೆ ನಿಂತ ಮನೆ. ರೈಲ್ವೆಯಲ್ಲಿ ಹಳಿ ಕಾಯುತ್ತಿದ್ದ ತಂದೆ ಆ ವರ್ಷವೇ ತೀರಿಕೊಂಡಿದ್ದ. ಸೂಗಪ್ಪ ಸಿಕಂದರಾಬಾದಿಗೆ ಹೋಗಿ ಭರ್ತಿ ಮಾಡುವ ಸರದಾರನನ್ನು ಕಂಡ. ಸರದಾರ ಇವನ ಭುಜ ತಟ್ಟಿ ನಾಡಿದ್ದು ಬಾ ಅಂದ. ಹುಡುಗ ರೈಲು ಹತ್ತುವ ತಾಳ್ಮೆಯೂ ಇಲ್ಲದೆ ಹಳಿಗುಂಟ ಓಡಿಯೇ ಮನೆ ಸೇರಿದ.

ಅಂಬವ್ವ ಅಳಲಿಲ್ಲ, ಬೈಯಲಿಲ್ಲ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಚಾಪೆ ಹಾಸಿ ಕೂತಳು. ಎದುರಿಗೆ ನೀರು, ಪತ್ರಿ, ವಿಭೂತಿ ಎಲ್ಲ ಇತ್ತು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಮಾತ್ರ ತೆರೆಯಲಿಲ್ಲ. ಒಳಗಿನ ಲಿಂಗ ಅಂಗೈಗೆ ಬಾರದೆ ಪೂಜೆಯಿಲ್ಲ, ಪೂಜೆಯಾಗದೆ ಆ ಮನೆಯಲ್ಲಿ ಯಾರೂ ಹನಿ ನೀರು ಮುಟ್ಟುವುದಿಲ್ಲ. "ನಾ ಹೋಗಂಗಿಲ್ಲ ಅಂತ ನೀ ಅನ್ನೋತನಕ ಇದನ್ನ ತೆರೆಯಂಗಿಲ್ಲ" ಅಂದಳು, ಅಷ್ಟೇ. ಮಾರನೆಯ ಸಂಜೆಗೆ ಆಕೆಯ ತುಟಿ ಒಡೆದಿತ್ತು. ಸೂಗಪ್ಪ ಹೋಗಂಗಿಲ್ಲ ಅಂದ. ತಾಯಿ ಕರಡಿಗೆ ತೆರೆದಳು, ಪೂಜೆ ಮಾಡಿದಳು, ನೀರು ಕುಡಿದಳು. ಇವನ ಫೌಜು ಅಲ್ಲಿಗೆ ಮುಗಿಯಿತು.

ಆಮೇಲಿನದು ಎಲ್ಲರ ಬಾಳಿನಂತೆ. ತಂದೆ ಸತ್ತದ್ದಕ್ಕೆ ರೈಲ್ವೆಯವರು ಸಿಕಂದರಾಬಾದಿನ ಪಾರ್ಸೆಲ್ ಆಫೀಸಿನಲ್ಲಿ ನೌಕರಿ ಕೊಟ್ಟರು. ಶಿವದೇವಿಯನ್ನು ತಂದುಕೊಂಡ, ಮಕ್ಕಳಾದರು. ಫೌಜಿಗಳ ಕರಿ ಟ್ರಂಕುಗಳು, ಮೇಲೆ ಬಿಳಿ ಬಣ್ಣದಲ್ಲಿ ಬರೆದ ಹೆಸರು ನಂಬರುಗಳು, ದಿನಾ ಇವನ ಕಣ್ಣ ಮುಂದೆಯೇ ಗಾಡಿ ಏರುತ್ತಿದ್ದವು. ಅವನ್ನು ನೋಡಿ ಒಂದು ಮಾತು ಆಡಿದವನಲ್ಲ. ಆದರೆ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿ, ನಲ್ಲಿ ಬಿಟ್ಟು, ಆ ಸಪ್ಪಳದಲ್ಲಿ ದಂಡ ಬೈಠಕ್ ಹೊಡೆಯುವುದನ್ನು ಒಂದು ದಿನವೂ ಬಿಟ್ಟಿರಲಿಲ್ಲ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದ, ಪಾಪ.

ಈಗ ನೋಡಿ, ಅದೇ ಅವ್ವ, ಅದೇ ಕೈ. ಆ ಕೈ ತನ್ನ ಮಗನ ಹಣೆಗೆ ವಿಭೂತಿ ಹಚ್ಚುವುದನ್ನು ಸೂಗಪ್ಪ ಬಾಗಿಲಲ್ಲಿ ನಿಂತು ನೋಡಿದ. ನೋಡಿ, ಕಾಲಲ್ಲಿದ್ದ ಚಪ್ಪಲಿ ಬಿಡುವುದನ್ನೂ ಮರೆತ.

ಹುಡುಗನಿಗೆ ಹದಿನೆಂಟು ತುಂಬಲು ಇನ್ನೂ ಕೆಲವು ತಿಂಗಳಿತ್ತು. ಅಂಥವರಿಗೆ ತಂದೆಯ ಒಪ್ಪಿಗೆ ಬೇಕೇ ಬೇಕು. ಸಿಕಂದರಾಬಾದಿನ ಭರ್ತಿ ಆಫೀಸಿನ ಹವಾಲ್ದಾರ ಬಸವಲಿಂಗಪ್ಪ ವೈಜನಾಥನಿಗೆ ಅದನ್ನೇ ಹೇಳಿ ಕಳಿಸಿದ್ದ. ಹೀಗಾಗಿ ಶನಿವಾರ ಅಪ್ಪ ಮಗ ಇಬ್ಬರೂ ಹೋದರು. ಸೂಗಪ್ಪ ಬೇಡ ಅಂದರೆ ಮುಗಿಯಿತು, ಆ ವರ್ಷದ ಭರ್ತಿ ತಪ್ಪಿತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹವಾಲ್ದಾರ ಹಿಂದಿಯಲ್ಲಿ ಶುರು ಮಾಡಿದವನು ಸೂಗಪ್ಪನ ಹಣೆಯ ವಿಭೂತಿ ನೋಡಿ ಕನ್ನಡಕ್ಕೆ ಬಂದ. ಆಳಂದದ ಕಡೆಯವನಂತೆ.

"ಸಹಿ ಯಾರ್ ಬೇಕಾದ್ರೂ ಹಾಕ್ತಾರ್ರಿ ಸೂಗಪ್ಪನವರ. ನಾ ಅಪ್ಪನ ಮಾರಿ ನೋಡಿನೇ ಮುಂದಕ್ಕ ಹೋಗಾಂವ. ಖುಷಿಯಿಂದ ಕಳಸಾಕತ್ತೀರೇನು?"

ಸೂಗಪ್ಪ ಮಗನನ್ನು ಮುಂದಕ್ಕೆ ತಳ್ಳಿದ. "ಮೊದಲ ನಿಮ್ಮ ಅಳತಿ ಆಗಲಿ" ಅಂದ.

ಬಸವಲಿಂಗಪ್ಪ ಟೇಪು ತೆಗೆದು ಹುಡುಗನ ಎತ್ತರ ನೋಡಿದ, ಎದೆ ಸುತ್ತಿ ಉಸಿರು ತೊಗೋ ಅಂದ. ಹುಡುಗ ಮುಖ ಕೆಂಪಾಗುವಷ್ಟು ಉಸಿರೆಳೆದ. ಬೇಕಾದಷ್ಟು ಉಬ್ಬಿತು, ಅದಕ್ಕಿಂತ ಒಂದು ಕೂದಲೂ ಹೆಚ್ಚಿಲ್ಲ. "ಆಯ್ತು, ನಡೀತೈತಿ" ಅಂದ ಹವಾಲ್ದಾರ, ಟೇಪು ಸುತ್ತುತ್ತ ಸುಮ್ಮನೆ ತಮಾಷೆಗೆ ಅಪ್ಪನ ಕಡೆ ತಿರುಗಿದ. "ನೀವೂ ಒಂದ್ ಸಲ ನಿಂದರ್ರಿ, ನೋಡೂಣು."

ನಗುತ್ತ ಬೇಡ ಅನ್ನಬಹುದಿತ್ತು. ಸೂಗಪ್ಪ ಅಂಗಿಯ ಗುಂಡಿ ಬಿಚ್ಚಿ ನಿಂತೇಬಿಟ್ಟ. ಉಸಿರು ಎಳೆದ. ಬಸವಲಿಂಗಪ್ಪ ಟೇಪನ್ನು ಬಗ್ಗಿ ನೋಡಿದ, ಮತ್ತೊಮ್ಮೆ ನೋಡಿದ.

"ಏನ್ರಿ ಇದು, ಮಗನಕಿಂತ ಅಪ್ಪನ ಎದೀನೇ ಭಾಳ ಉಬ್ಬತೈತಲ್ಲ. ವಯಸ್ಸಿದ್ದಾಗ ಬಂದಿದ್ರ ಕಣ್ಣು ಮುಚ್ಚಿ ತೊಗೊಳ್ತಿದ್ರು ನಿಮ್ಮನ್ನ."

ಅವನು ನಕ್ಕ. ವೈಜನಾಥನೂ ನಕ್ಕ. ಸೂಗಪ್ಪ ಗುಂಡಿ ಹಾಕಿಕೊಳ್ಳುತ್ತ ನಿಂತ, ಒಂದು ಗುಂಡಿ ತಪ್ಪು ತೂತಿಗೆ ಹೋಯಿತು. ಸೋಮವಾರ ಬಂದು ನಿಮ್ಮ ಮಾತು ಹೇಳಿ ಹೋಗಿ ಅಂದ ಹವಾಲ್ದಾರ.

ವಾಪಸು ಬರುವಾಗ ರೈಲಿನ ಬಾಗಿಲಲ್ಲಿ ನಿಂತ ಹುಡುಗ ಗಾಳಿಗೆ ಮುಖ ಕೊಟ್ಟು ಬಿಸ್ಕೀಟು ತಿನ್ನುತ್ತಿದ್ದ. "ಅಪ್ಪಾ, ಏನ್ ಹೇಳ್ತೀರಿ ಸೋಮವಾರ?"

"ನೋಡೂಣು."

"ನೋಡೋದೇನೈತ್ರಿ? ಆಯಿನೇ, ನಿಮ್ಮವ್ವನೇ ಹೂಂ ಅಂದ ಮ್ಯಾಲ ನನ್ನನ್ನ ಯಾರು ತಡೀತಾರ?"

ಎಷ್ಟು ಹಗುರಾಗಿ ಅಂದುಬಿಟ್ಟ ನೋಡಿ ಕತ್ತೆ. ಯಾವ ಒಂದು ಹೂಂಗಾಗಿ ತಾನು ಎರಡು ದಿನ ತಾಯಿಯ ಒಣಗುವ ತುಟಿ ನೋಡುತ್ತ ಕೂತಿದ್ದನೋ ಅದು ಈ ಹುಡುಗನಿಗೆ ಬಿಸ್ಕೀಟು ತಿನ್ನುತ್ತ ತಿನ್ನುತ್ತ ಸಿಕ್ಕಿತ್ತು. ಮಲ್ಕಾಜ್‌ಗಿರಿ ಬರುವಷ್ಟರಲ್ಲಿ ಅವನು ಏನು ಮಾಡಬೇಕೆಂದು ಠರಾಯಿಸಿಯೂ ಆಗಿತ್ತು.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿದ, ಚಾಪೆ ಹಾಸಿದ, ಕೂತ. ನೀರು, ಪತ್ರಿ, ವಿಭೂತಿ ಎದುರಿಗಿತ್ತು. ಕರಡಿಗೆ ತೆರೆಯಲಿಲ್ಲ. ಅವ್ವನಿಗೆ ಬಂದ ವಿದ್ಯೆ ಮಗನಿಗೆ ಬಾರದೇನು?

ಬರಲಿಲ್ಲ, ಅದೇ ಮಜಾ. ಅಂಬವ್ವ ಕೂತಾಗ ಕೇರಿಗೆ ಕೇರಿಯೇ ಬಂದು ಬೇಡಿಕೊಂಡಿತ್ತು. ಸೂಗಪ್ಪ ಕೂತದ್ದು ಯಾರಿಗೂ ಕಾಣಿಸಲೇ ಇಲ್ಲ. ವೈಜನಾಥ ಓಟದ ಅಭ್ಯಾಸಕ್ಕೆ ಮೈದಾನಕ್ಕೆ ಹೋದ. ಶಿವದೇವಿ ಬಾಗಿಲಲ್ಲಿ ಇಣುಕಿ, "ಪೂಜಿ ಆತೇನ್ರಿ, ಚಾ ತರ್ಲ್ಯಾ?" ಅಂದಳು. ಇವನು ಕೈಯಾಡಿಸಿ ಬೇಡ ಅಂದ. "ಹೊಟ್ಟಿ ಸರಿ ಇಲ್ಲೇನು? ಓಮಿನ ನೀರು ಕಾಸ್ಲ್ಯಾ?" ಅಂದಳು. ಇವನು ಮತ್ತೆ ಕೈಯಾಡಿಸಿದಾಗ ತನ್ನ ಕೆಲಸಕ್ಕೆ ಹೋದಳು. ಆಮೇಲೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬಂತು, ಬೆನ್ನಿಗೇ ಎಣ್ಣೆಗಾಯಿಯ ವಾಸನೆ. ಸೂಗಪ್ಪನಿಗೆ ಅಳುವೇ ಬರುವಂತಾಯಿತು, ಸಿಟ್ಟಿನಿಂದಲೋ ಹಸಿವಿನಿಂದಲೋ ಅವನಿಗೇ ತಿಳಿಯಲಿಲ್ಲ.

ಊಟದ ಹೊತ್ತು ಮೀರಿದ ಮೇಲೆ ಅಂಬವ್ವ ಗೋಡೆ ಹಿಡಿದು ಬಂದು ಎದುರು ಕೂತಳು. ಬಾಡಿದ ಪತ್ರಿಯನ್ನು ಮುಟ್ಟಿ ನೋಡಿದಳು.

"ಕರಡಿಗಿ ತೆರೆದಿಲ್ಲ ನೀ" ಅಂದಳು.

ಸೂಗಪ್ಪ ಪತ್ರಿಯ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ.

"ನನ್ನ ಆಟ ನನಗ ಆಡಿ ತೋರಸಾಕತ್ತಿ?"

"ಹೌದು" ಅಂದ ಸೂಗಪ್ಪ. ಇಷ್ಟು ವರ್ಷ ಗಂಟಲಲ್ಲೇ ಇದ್ದದ್ದು ಕಟ್ಟೆಯೊಡೆದು ಬಂತು. "ನಾ ಹೊಂಟಾಗ ಸಾಯಾಕ ಕೂತಿ. ಅವ ಹೊಂಟ್ರ ವಿಭೂತಿ ಹಚ್ತಿ. ನನಗೊಂದು ನ್ಯಾಯ, ಅವಗೊಂದು ನ್ಯಾಯ. ಅವ ನಿನಗ ನನಕಿಂತ ಹೆಚ್ಚಾದ್ನೇನು?"

ಮುದುಕಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ನಿಮ್ಮಪ್ಪ ತೀರಿ ಹೋಗಿದ್ದ. ನಿನ್ನೂ ಕಳಕೋಬಾರದಂತ ಕೂತೆ. ನೀ ಉಳದಿ. ಪಗಾರ ತಂದು ಕೈಯಾಗಿಟ್ಟಿ, ದವಾಖಾನಿಗೆ ಒಯ್ದಿ, ಒಂದರಾಗೂ ಕಡಿಮಿ ಮಾಡಲಿಲ್ಲ. ಆದ್ರ ಅವತ್ತಿನಿಂದ ನನ್ನ ಜೋಡಿ ಕುಂತು ಒಮ್ಮೆರ ನಕ್ಕೀಯೇನು? ನಲ್ಲಿ ಬಿಟ್ಕೊಂಡು ನೀ ದಂಡ ಹೊಡಿಯೋದು ನನಗ ದಿನಾ ಕೇಳತೈತಿ ಸೂಗ್ಯಾ. ದಿನಾ ಕೇಳಿನಿ. ಮನಿಯಾಗ ಇಟಗೊಂಡೇ ನಿನ್ನ ಕಳಕೊಂಡೆ ನಾ." ಆಮೇಲೆ ಅಡುಗೆಮನೆಯ ಕಡೆ ಕೈ ಮಾಡಿ ದನಿ ತಗ್ಗಿಸಿದಳು. "ಆಕಿಗೂ ಹಂಗಾಗೂದು ಬ್ಯಾಡ."

ಅಂಬವ್ವ ಎದ್ದುಹೋಗಿ ಹೊಸ ಪತ್ರಿ ತಂದಿಟ್ಟಳು, ಹಳೆಯ ನೀರು ಚೆಲ್ಲಿ ಬೇರೆ ನೀರು ತುಂಬಿದಳು. ಸೂಗಪ್ಪ ಕರಡಿಗೆ ತೆರೆದ. ಪೂಜೆ ಮುಗಿದ ಮೇಲೆ ತಾಯಿಯೇ ತಂಬಿಗೆ ಎತ್ತಿ ಕೊಟ್ಟಳು, ಅವನು ಗಟಗಟನೆ ಕುಡಿದ. ಶಿವದೇವಿ ಆರಿದ ರೊಟ್ಟಿಗಳನ್ನು ಮತ್ತೆ ಹಂಚಿನ ಮೇಲೆ ಹಾಕಿದಳು.

ಹೊಟ್ಟೆಕಿಚ್ಚು ಅಷ್ಟಕ್ಕೇ ಆರಿತೇ ಅಂದರೆ, ಇಲ್ಲ. ಸೋಮವಾರ ಬೆಳಿಗ್ಗೆ ಹುಡುಗ ಬೂಟಿನ ಲೇಸು ಕಟ್ಟುವುದನ್ನು ನೋಡಿದರೂ ಉರಿಯಿತು. ಭರ್ತಿ ಆಫೀಸಿನ ಮೆಟ್ಟಿಲನ್ನು ಅವನು ಎರಡೆರಡಾಗಿ ಹಾರಿದಾಗಲೂ ಉರಿಯಿತು. ಬಸವಲಿಂಗಪ್ಪ ಕಾಗದ ಮುಂದಿಟ್ಟು, ಪದ್ಧತಿಯಂತೆ ಅಪ್ಪನ ಮುಖವನ್ನೇ ನೋಡುತ್ತ ಕೂತ.

"ಹೇಳ್ರಿ ಸೂಗಪ್ಪನವರ. ಖುಷಿಯಿಂದ ಕಳಸಾಕತ್ತೀರೇನು?"

"ಖುಷಿ ಇಲ್ರಿ" ಅಂದ ಸೂಗಪ್ಪ. "ನಾ ಹೋಗಬೇಕಾಗಿತ್ತು, ಇವ ಹೊಂಟಾನ. ಹೊಟ್ಟಿಕಿಚ್ಚ ಐತಿ. ಇವನ್ನ ಕರಕೊಳ್ರಿ."

ಹವಾಲ್ದಾರನ ಕೈ ಕಾಗದದ ಮೇಲೆ ಹಾಗೇ ನಿಂತಿತು. ವೈಜನಾಥ ತಿರುಗಿ ಅಪ್ಪನನ್ನು ನೋಡಿದ. ಈ ಸಲ ಹುಡುಗ ನಗುತ್ತಿರಲಿಲ್ಲ. ಸೂಗಪ್ಪ ಪೆನ್ನಿಗೆ ಕೈ ಚಾಚಿದ.