ಹನ್ನೊಂದನೇ ಅಧ್ಯಾಯದ ಕಾಗದಗಳು

ನನ್ನ ದೊಡ್ಡಮ್ಮ ಶಕುಂತಲಮ್ಮನಿಗೆ ಈಗ ಎಪ್ಪತ್ತಾರು. ಬಿನ್ನಿಪೇಟೆಯ ಮಿಲ್ ಕೆಲಸಗಾರನ ಮಗಳು. ಎಸ್ಸೆಸ್ಸೆಲ್ಸಿ ಮುಗಿಸಿ ಚಾಮರಾಜಪೇಟೆಯ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿ, ಮೂವತ್ತೆಂಟು ವರ್ಷ ಅಲ್ಲೇ ಕಣ್ಣು ಸವೆಸಿದಳು. ಅವಳು ತಿದ್ದಿದ ಪುಸ್ತಕಗಳಲ್ಲಿ ಅವಳ ಹೆಸರು ಹುಡುಕಬೇಡಿ, ಸಿಗುವುದಿಲ್ಲ.

ಆ ಅಚ್ಚುಕೂಟಕ್ಕೆ ಕಾದಂಬರಿ ಕೊಡುತ್ತಿದ್ದವರು ಬಸವನಗುಡಿಯ ವೀರಭದ್ರಯ್ಯನವರು. ದೊಡ್ಡ ಹೆಸರು. ಅಕ್ಷರ ಮಾತ್ರ ಕೋಳಿ ಕೆದರಿದ ಹಾಗೆ. ಅಚ್ಚಿನ ಮೊಳೆ ಜೋಡಿಸುವವರು ಕೈಚೆಲ್ಲಿದಾಗ ದೊಡ್ಡಮ್ಮನೇ ಶುದ್ಧಪ್ರತಿ ಮಾಡಿಕೊಡುತ್ತಿದ್ದಳು. ಅನುಮಾನ ಬಂದರೆ ಕಾರ್ಡು ಬರೆದು ಕೇಳುವಳು, ಅವರು ಇನ್‌ಲ್ಯಾಂಡಿನಲ್ಲಿ ಉತ್ತರ ಬರೆಯುವರು. ಮಿಲ್ಲಿನ ವಠಾರದ ಕಥೆ ಬರೆಯಹೊರಟಾಗ ಅಯ್ಯನವರು ಸಿಕ್ಕಿಹಾಕಿಕೊಂಡರು. ನಲ್ಲಿ ಮುಂದೆ ಕೊಡ ಹಿಡಿದು ನಿಂತ ಹೆಂಗಸರು ಹೇಗೆ ಬೈದಾಡುತ್ತಾರೆ ಅಂತ ಅವರಿಗೇನು ಗೊತ್ತು? ಹನ್ನೊಂದನೇ ಅಧ್ಯಾಯ ನೀನೇ ಬರೆದುಕೊಡು ಅಂತ ಕಾಗದ ಬಂತು. ಬರೆದುಕೊಟ್ಟಳು. ಕಾದಂಬರಿಗೆ ಬಹುಮಾನ ಬಂತು, ಆ ಅಧ್ಯಾಯ ಪಠ್ಯಪುಸ್ತಕಕ್ಕೂ ಹೋಯಿತು. ಮುನ್ನುಡಿಯಲ್ಲಿ ಬೈಂಡಿಂಗ್ ಮಾಡಿದವನಿಗೂ ವಂದನೆ ಇದೆ, ಇವಳಿಗಿಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವ ಗಾದೆ ಇಷ್ಟು ಸರಿಯಾಗಿ ಕೂತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಆಗ ಬಾಯಿಬಿಟ್ಟಿದ್ದರೆ ಇವಳ ಕೆಲಸ ಹೋಗುತ್ತಿತ್ತು.

ಹೋದ ವರ್ಷ ಅಯ್ಯನವರ ಜನ್ಮಶತಮಾನೋತ್ಸವ. ಅವರ ಪತ್ರಗಳ ಸಂಪುಟ ತರುತ್ತಿದ್ದೇವೆಂದು ಸಂಪಾದಕ ವೃಷಭೇಂದ್ರಪ್ಪ ಮನೆಗೆ ಬಂದರು. ದೊಡ್ಡಮ್ಮನ ಹತ್ತಿರವಿದ್ದ ನಲವತ್ತಮೂರು ಕಾಗದವನ್ನೂ ಓದಿದರು. ನೆಗಡಿ, ಮಳೆ, ಆಶೀರ್ವಾದ ಇರುವ ಒಂಬತ್ತನ್ನು ಬೇರೆ ತೆಗೆದಿಟ್ಟರು. ಮಿಕ್ಕವು ಖಾಸಗಿಯಂತೆ, ದೊಡ್ಡವರ ಹೆಸರಿಗೆ ಯಾಕಮ್ಮ ಮಸಿ ಅಂದರು. ಹಾಕಿದರೆ ಎಲ್ಲ ಹಾಕಿ, ಇಲ್ಲದಿದ್ದರೆ ಒಂದೂ ಬೇಡ ಅಂತ ದೊಡ್ಡಮ್ಮ ಎಲ್ಲ ಬಾಚಿಕೊಂಡಳು. ಸಂಪಾದಕರು ಬರಿಗೈಲಿ ಹೋದರು.

ಅಷ್ಟಕ್ಕೇ ಬಿಟ್ಟಿದ್ದರೆ ಅವಳೂ ಸುಮ್ಮನಿರುತ್ತಿದ್ದಳೇನೋ. ಸಂಪುಟ ಬಿಡುಗಡೆಯ ಆಹ್ವಾನಪತ್ರಿಕೆ ಬಂತು ನೋಡಿ, ಅದರ ಮೇಲೆ 'ಲೇಖಕರ ಕೈಬರಹ' ಎಂದು ಹನ್ನೊಂದನೇ ಅಧ್ಯಾಯದ ಹಾಳೆಯೊಂದು ಅಚ್ಚಾಗಿತ್ತು. ಅಚ್ಚುಕೂಟದ ಹಳೇ ಕಟ್ಟಿನಲ್ಲಿ ಸಿಕ್ಕಿದ್ದಂತೆ. ಮುತ್ತು ಪೋಣಿಸಿದ ಹಾಗಿದ್ದ ದೊಡ್ಡಮ್ಮನ ಅಕ್ಷರ! ಅಯ್ಯನವರ ಕೆದರಿದ ಬರಹವನ್ನು ಕಣ್ಣಾರೆ ನೋಡಿದ್ದ ಸಂಪಾದಕರು, ಇದನ್ನು ಅಚ್ಚಿಗೆ ಕೊಡಲು ನಿಧಾನವಾಗಿ ಬರೆದಿರಬೇಕು ಅಂದುಕೊಂಡರಂತೆ. ಬಿಡುಗಡೆಯ ದಿನ ದೊಡ್ಡಮ್ಮ ಒಳ್ಳೇ ಸೀರೆ ಉಟ್ಟು ಚೀಲ ಹೆಗಲಿಗೇರಿಸಿದಳು.

ಬಸವನಗುಡಿಯ ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲೇ ಕೂತೆವು. ಸಂಪಾದಕರು ಆ ಹಾಳೆಯನ್ನು ಎತ್ತಿ ತೋರಿಸಿದ್ದೇ ತಡ, ದೊಡ್ಡಮ್ಮ ಎದ್ದಳು.

"ಅದು ನನ್ನ ಅಕ್ಷರ. ಅಧ್ಯಾಯಾನೂ ನಂದೇ."

ನೀವು ಶುದ್ಧಪ್ರತಿ ಮಾಡಿದ್ದೀರಿ, ಬರೆದವರು ಅಯ್ಯನವರು, ದಯವಿಟ್ಟು ಕೂತ್ಕೊಳ್ಳಿ ಅಂದರು ಸಂಪಾದಕರು, ಬಲು ನಯವಾಗಿ. ಇವಳು ಕೂರಲಿಲ್ಲ. ಮಂಡಿನೋವಿನವಳು, ನನ್ನ ಕೈ ಕೂಡ ಹಿಡಿಯದೆ ವೇದಿಕೆಯ ಮೆಟ್ಟಿಲು ಹತ್ತಿ, ಚೀಲದಿಂದ ಒಂದು ಇನ್‌ಲ್ಯಾಂಡ್ ತೆಗೆದು ಮೈಕಿನಲ್ಲಿ ಓದಿದಳು.

"ಶಕುಂತಲಾ, ಅಧ್ಯಾಯ ತಲುಪಿತು. ಒಂದಕ್ಷರವನ್ನೂ ಮುಟ್ಟಿಲ್ಲ, ಮುಟ್ಟುವ ಯೋಗ್ಯತೆ ನನಗಿಲ್ಲ. ಹೆಸರು ಮಾತ್ರ ನನ್ನದೇ ಇರಲಿ. ಮಿಲ್ಲಿನವನ ಮಗಳು ಬರೆದದ್ದು ಅಂದರೆ ಈ ಊರಿನಲ್ಲಿ ಯಾರೂ ಓದುವುದಿಲ್ಲ. ವೀರಭದ್ರಯ್ಯ."

ಅವಳು ಕಾಗದ ಮಡಿಸಿ, ಈ ಅಧ್ಯಾಯವನ್ನು ಶಾಲೆಯಲ್ಲಿ ಓದಿದವರು ಕೈಯೆತ್ತಿ ಅಂದಳು. ಹಿಂದಿನ ಸಾಲಿನಿಂದ ಶುರುವಾಗಿ ಹೆಚ್ಚುಕಡಿಮೆ ಇಡೀ ಸಭೆಯೇ ಕೈಯೆತ್ತಿತು. ವೃಷಭೇಂದ್ರಪ್ಪನವರ ಕೈಯೂ ಅರ್ಧಕ್ಕೆ ಬಂದು ನಿಂತಿತು.

"ಐವತ್ತು ವರ್ಷದಿಂದ ಓದ್ತಾನೇ ಇದೀರ," ಅಂದಳು ದೊಡ್ಡಮ್ಮ. "ಇನ್ಮೇಲೆ ನನ್ನ ಹೆಸರಲ್ಲಿ ಓದಿ."