ಆರು ಮಿಲಿಮೀಟರ್ ಮತ್ತು ಡಾ. ಶೈಲಾ ಗಣಾಚಾರಿ

ಸೂರ್ಯನ ಒಡಲಲ್ಲಿ ನಡೆಯುವ ಪರಮಾಣು ಸಮ್ಮಿಲನವನ್ನು ನೆಲದ ಮೇಲೆ ಸಾಧಿಸಲು ಹೊರಟ ನಮ್ಮ ನಾಡಿನ ಕೆಲವೇ ವಿಜ್ಞಾನಿಗಳಲ್ಲಿ ಡಾ. ಶೈಲಾ ರಾಚಯ್ಯ ಗಣಾಚಾರಿಯವರದು ಗೌರವದ ಹೆಸರು. ಕಲಾದಗಿಯ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಬಾಗಲಕೋಟೆಯಲ್ಲಿ ಬಿ.ಎಸ್ಸಿ., ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಹೊರರಾಜ್ಯದ ಸಂಶೋಧನಾಲಯವೊಂದನ್ನು ಸೇರಿದ ಅವರು, ಯಾವ ಪಾತ್ರೆಯೂ ತಾಳಲಾರದಷ್ಟು ಕಾದ, ಪ್ಲಾಸ್ಮಾ ಎಂಬ ವಿದ್ಯುದಾವೇಶದ ಅನಿಲವನ್ನು ಕಾಂತಬಲದಿಂದ ಹಿಡಿದಿಡುವ ವಿದ್ಯೆಗೆ ಮೂವತ್ತನಾಲ್ಕು ವರ್ಷಗಳನ್ನು ಮುಡಿಪಾಗಿಟ್ಟರು.

ಅವರ ತಂಡ ಎಂಟು ವರ್ಷ ದುಡಿದು ಕಟ್ಟಿದ ಉಂಗುರಾಕಾರದ ಯಂತ್ರ ೨೦೧೪ರಲ್ಲಿ ಚಾಲನೆಗೊಂಡಿತು. ಆದರೆ ಪ್ಲಾಸ್ಮಾ ಹೊತ್ತಿಕೊಂಡ ಕ್ಷಣದಲ್ಲೇ ಗೋಡೆಗೆ ತಾಗಿ ಆರಿಹೋಗುತ್ತಿತ್ತು. ನಲವತ್ತು ಪ್ರಯತ್ನಗಳು ಸೋತವು. ಕಾಂತಸುರುಳಿಯೊಂದು ಜಾಗ ತಪ್ಪಿದೆಯೆಂದು ಕಂಡುಕೊಂಡ ವಿಚಾರಣಾ ಸಮಿತಿ, ಅದನ್ನು ಬೆಸೆದು ಕೂರಿಸಿದ್ದ ಇಳಕಲ್ಲಿನ ವೆಲ್ಡರ್ ಅಕ್ಬರಸಾಬರನ್ನು ಕೆಲಸದಿಂದ ತೆಗೆಯಲು ಸೂಚಿಸಿತು. ಯಂತ್ರವನ್ನೇ ಮುಚ್ಚುವ ಮಾತೂ ಎದ್ದಿತು.

ಅಕ್ಬರಸಾಬರು ನೇರವಾಗಿ ಶೈಲಾ ಅವರ ಕೋಣೆಗೆ ಬಂದರು.

"ಅಕ್ಕಾರ, ನಕ್ಷಾದಾಗ ಇದ್ದಂಗ ಕುಂದ್ರಿಸೇನ್ರಿ. ಖರೆ ಹೇಳ್ತೇನಿ, ನನ್ನ ಬೆಸುಗಿ ತಪ್ಪಿಲ್ಲ."

"ನಕ್ಷಾ ನಾನs ಮತ್ತೊಮ್ಮೆ ನೋಡ್ತೇನಿ, ಸಾಬರ. ಅಲ್ಲೀತನಕ ನೀವೆಲ್ಲೂ ಹೋಗಬ್ಯಾಡ್ರಿ."

ಒಂಬತ್ತು ದಿನ ಹಳೆಯ ಹಾಳೆಗಳನ್ನೆಲ್ಲ ಜಾಲಾಡಿದ ಶೈಲಾ ಅವರಿಗೆ ಕೊನೆಗೆ ತಪ್ಪು ಸಿಕ್ಕಿತು: ಸುರುಳಿಯ ಜಾಗವನ್ನು ಲೆಕ್ಕದಿಂದ ನಕ್ಷೆಗೆ ಇಳಿಸುವಾಗ ಆದ ಆರು ಮಿಲಿಮೀಟರಿನ ವ್ಯತ್ಯಾಸ, ಅದೂ ತಮ್ಮದೇ ಕೈಬರಹದಲ್ಲಿ. ಅದೇ ವಾರ ನಿರ್ದೇಶಕ ಹುದ್ದೆಗೆ ಅವರ ಹೆಸರು ಪರಿಶೀಲನೆಯಲ್ಲಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮರುದಿನ ಸಮಿತಿಯ ಮುಂದೆ ಹಾಳೆಯನ್ನಿಟ್ಟು, ಬೆಸುಗೆ ಸರಿಯಾಗಿದೆ, ತಪ್ಪಿದ್ದು ನನ್ನ ಅಳತೆ ಎಂದು ಎದ್ದು ನಿಂತು ಹೇಳಿದರು. ಹುದ್ದೆ ಬೇರೊಬ್ಬರ ಪಾಲಾಯಿತು. ಅಕ್ಬರಸಾಬರ ಕೆಲಸ ಉಳಿಯಿತು.

ಸುರುಳಿಯನ್ನು ಬಿಚ್ಚಿ, ತಿದ್ದಿದ ಅಳತೆಯಂತೆ ಮತ್ತೆ ಕೂರಿಸಿದವರೂ ಅಕ್ಬರಸಾಬರೇ. ನಲವತ್ತೊಂದನೆಯ ಪ್ರಯತ್ನದಲ್ಲಿ ಪ್ಲಾಸ್ಮಾ ಒಂದು ಸೆಕೆಂಡು ದಾಟಿತು, ಎರಡು ದಾಟಿತು, ನಾಲ್ಕಕ್ಕೂ ಅಲುಗಲಿಲ್ಲ. ನಿಯಂತ್ರಣ ಕೊಠಡಿಯ ಎಲ್ಲ ಭಾಷೆಗಳ ಗದ್ದಲವನ್ನು ಮೀರಿ ಅಕ್ಬರಸಾಬರ ಕೂಗು ಕೇಳಿಸಿತು: "ನಿಂತೈತ್ರಿ ಅಕ್ಕಾರ, ನಿಂತೈತಿ!" ಆ ಸಾಧನೆಯ ಪ್ರಬಂಧದಲ್ಲಿ ಶೈಲಾ ಅವರು ಅಕ್ಬರಸಾಬರ ಹೆಸರನ್ನು ಲೇಖಕರ ಸಾಲಿನಲ್ಲೇ ಸೇರಿಸಿದರು, ಆಕ್ಷೇಪಿಸಿದವರಿಗೆ ಒಂದಿಂಚೂ ಮಣಿಯಲಿಲ್ಲ. ಮುಂದೆ ದೇಶವಿದೇಶಗಳ ಪ್ರಯೋಗಾಲಯಗಳು ಅವರ ಸಲಹೆ ಕೇಳಿ ಬಂದವು.

ಈಗ ಬಾದಾಮಿಯಲ್ಲಿ ನೆಲೆಸಿರುವ ಅವರು ಕೆರೂರಿನ ಶಾಲೆಯಲ್ಲಿ ವಾರಕ್ಕೆರಡು ದಿನ ಗಾಜಿನ ಕೊಳವೆಯೊಳಗೆ ನೇರಳೆ ಪ್ಲಾಸ್ಮಾ ಬೆಳಗಿಸಿ ಹೆಣ್ಣುಮಕ್ಕಳ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದಾರೆ. ಸಮ್ಮಿಲನದ ವಿದ್ಯುತ್ತಿನಿಂದ ನಮ್ಮ ನೆಲದ ಮೊದಲ ದೀಪ ಹೊತ್ತುವ ದಿನ, ಆ ಮಕ್ಕಳ ನಡುವೆ ನಿಂತು ಅದನ್ನು ಕಣ್ತುಂಬ ನೋಡುವಷ್ಟು ಆಯುರಾರೋಗ್ಯ ಅವರದಾಗಲಿ.