ನಾನು ಅಳಿಸದ ಟೇಪು

ಹಣೆ ತುಂಬ ವಿಭೂತಿ ಹಚ್ಚಿಕೊಂಡ, ಎಪ್ಪತ್ತು ದಾಟಿದ ಹಿರಿಯರೊಬ್ಬರ ಎದುರು ಕೂತು, ಬಿಳೂರಿನ ಅವರ ಮನೆಯ ಪಡಸಾಲೆಯಲ್ಲಿ, ನಾನು ರಾಕ್ ಸಂಗೀತ ಕೇಳಿಸಿದ್ದೇನೆ.

ನಗಬೇಡಿ. ಅವರು ನಗಲಿಲ್ಲ.

ಟೇಪ್ ರೆಕಾರ್ಡರಿನ ಗಾಲಿ ತಿರುಗಿತು. ಗಿಟಾರು ಕಿರುಚಿತು. ಇಂಗ್ಲೆಂಡಿನ ಯಾವನೋ ಕೂದಲು ಬಿಟ್ಟ ತರುಣ ಗಂಟಲು ಹರಿದುಕೊಂಡು ಕೂಗಿದ. ಯಾರಿಗೋ ಏನೋ ಆಯಿತು ಅಂದುಕೊಂಡು ಸೊಸೆ ಅಡುಗೆಮನೆಯಿಂದ ಓಡಿ ಬಂದಳು. ಹಿರಿಯರು ಕೈ ಎತ್ತಿ ಅವಳನ್ನು ಸುಮ್ಮನಿರಿಸಿದರು. ಕಣ್ಣು ಮುಚ್ಚಿ ಹಾಡನ್ನು ಕಡೆಯತನಕ ಕೇಳಿದರು. ಆಮೇಲೆ ಒಡಕು ದನಿಯಲ್ಲಿ ಅಂದರು:

"ಈ ಹುಡುಗಗ ಯಾರೋ ಕಲಿಸ್ಯಾರ್ರಿ ಮಾಸ್ತರ. ತನ್ನಷ್ಟಕ್ಕ ತಾನ ಹಿಂಗ ಒದರಾಕ ಬರೂದಿಲ್ಲ."

ಇಂಥ ವಿಮರ್ಶೆಯನ್ನು ನಾನು ಮುಂಬೈಯ ಇಂಗ್ಲಿಷ್ ಪತ್ರಿಕೆಗಳಲ್ಲೂ ಓದಿಲ್ಲ. ಇಷ್ಟಕ್ಕೇ ಮುಗಿದಿದ್ದರೆ ಈ ವಾರದ ಅಂಕಣದಲ್ಲಿ ನೀವೂ ನಾನೂ ನಕ್ಕು ಎದ್ದುಹೋಗಬಹುದಿತ್ತು. ಮುಗಿಯಲಿಲ್ಲ.

ನನ್ನ ಎರಡು ಹುಚ್ಚುಗಳು ನಿಮಗೆ ಗೊತ್ತೇ ಇವೆ. ಒಂದು ರಾಕ್, ಇನ್ನೊಂದು ಸಾಹಿತ್ಯ ಚರಿತ್ರೆ. ಜತ್ತದಲ್ಲಿ ಮಾಸ್ತರಿಕೆ ಮಾಡಿಕೊಂಡು, ಮೂರು ಕಾದಂಬರಿ ಬರೆದು, ಅವು ಸಾಲದು ಅಂತ ಇವೆರಡನ್ನೂ ತಲೆಗೆ ಹಚ್ಚಿಕೊಂಡವ ನಾನು. (ಬೆಲ್‌ಬಾಟಮ್ ಹಾಕಿಕೊಂಡು ತಿರುಗುವ ನನ್ನ ಹಳೆಯ ವಿದ್ಯಾರ್ಥಿಗಳಿಗೂ ಈ ಸಂಗೀತ ಹಿಡಿಸುವುದಿಲ್ಲ. ಅವರಿಗೆ ಪ್ಯಾಂಟು ಸಾಕು.) ಇವೆರಡಕ್ಕೂ ಎತ್ತಣಿಂದೆತ್ತ ಸಂಬಂಧ ಅಂತ ನನ್ನ ಹೆಂಡತಿ ಕೇಳುತ್ತಲೇ ಇರುತ್ತಾಳೆ.

ಸಂಬಂಧ ಇದೆ. ಲಂಡನ್ನಿನ ಹುಡುಗ ಅಮೆರಿಕದ ಹತ್ತಿ ಹೊಲದ ಕಪ್ಪು ಕೂಲಿಗಳ ಹಾಡು ಕೇಳಿ ಕಲಿತ. ಆ ಕೂಲಿ ತನ್ನ ಅಜ್ಜನಿಂದ ಕಲಿತಿದ್ದ. ನಮ್ಮ ಪದಕಾರರದ್ದೂ ಇದೇ ಕಥೆಯಲ್ಲವೇ? ಯಾರು ಯಾರಿಂದ ಕಲಿತರು ಎಂಬುದೊಂದೇ ನನ್ನ ಪ್ರಶ್ನೆ. ನನ್ನ ನೋಟ್‌ಬುಕ್ಕಿನ ಎಡ ಪುಟದಲ್ಲಿ ಡ್ರಮ್ಮು ಬಾರಿಸುವವರ ವಂಶಾವಳಿ ಇದೆ, ಬಲ ಪುಟದಲ್ಲಿ ತತ್ವಪದ ಹಾಡಿದವರದ್ದು.

ಬಲ ಪುಟದಲ್ಲಿ ನಮ್ಮ ಸೀಮೆಯ ಭಾಗ ಮಾತ್ರ ಖಾಲಿ. ಕನ್ನಡ ಸಾಹಿತ್ಯ ಚರಿತ್ರೆ ಬರೆಯುವ ಪಂಡಿತರು ವಿಜಾಪುರದಲ್ಲೇ ಬಸ್ಸು ಇಳಿದುಬಿಡುತ್ತಾರೆ. ಜತ್ತ ಮಹಾರಾಷ್ಟ್ರದಲ್ಲಿದೆಯಂತೆ, ಅವರು ನೋಡಿಕೊಳ್ಳಲಿ ಅನ್ನುತ್ತಾರೆ. ಮರಾಠಿ ಪಂಡಿತರೋ, ಅವರು ಕನ್ನಡದ ಮಂದಿ ಅಂತ ಕೈ ಬಿಡುತ್ತಾರೆ. ಹಾಗಾದರೆ ಇಲ್ಲಿ ಯಾರೂ ಹಾಡಲೇ ಇಲ್ಲವೇ?

ಹೀಗೆ ಹಲ್ಲು ಕಡಿಯುತ್ತಿದ್ದ ಕಾಲಕ್ಕೆ ಜತ್ತದ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಮಲ್ಲಪ್ಪ, ನನಗೆ ಬೆಲ್ಲ ಕಟ್ಟಿಕೊಡುತ್ತ, ತನ್ನ ಅಪ್ಪನ ವಿಷಯ ಹೇಳಿದ. ಅಪ್ಪ ಗುರುಬಸಪ್ಪ, ಬಿಳೂರಿನವರು. ಅವರ ಮನೆಯಲ್ಲಿ ನಾಲ್ಕು ತಲೆಮಾರಿನವರು ಕಟ್ಟಿದ ಶಿವನ ಹಾಡುಗಳಿವೆ. ಒಬ್ಬೊಬ್ಬರೂ ಹಿಂದಿನವರಿಂದ ಕಲಿತು, ತಮ್ಮದನ್ನೂ ಸೇರಿಸಿ, ಮುಂದಿನವರಿಗೆ ದಾಟಿಸಿದ್ದಾರೆ. ದೇವರ ಜಗಲಿಯ ಮೇಲೆ ತಾಡೋಲೆಯ ಕಟ್ಟಿದೆ. ಮಲ್ಲಪ್ಪ ಮಾತ್ರ ಕಲಿಯಲಿಲ್ಲ. ಮರಾಠಿ ಶಾಲೆಯಲ್ಲಿ ಓದಿದವನಿಗೆ ಓಲೆಯ ಹಳೆಯ ಕನ್ನಡ ಅಕ್ಷರ ಹತ್ತಲಿಲ್ಲ, ಅಂಗಡಿ ಬಿಟ್ಟು ಅಪ್ಪನ ಮುಂದೆ ಕೂರಲು ಪುರಸತ್ತೂ ಆಗಲಿಲ್ಲ.

ನನಗೆ ಸ್ವರ್ಗ ಮೂರೇ ಗೇಣು. ಚರಿತ್ರೆಗೆ ಹೊಸ ಅಧ್ಯಾಯ ಸಿಕ್ಕಿತು ಅಂತ ಇದೇ ಜಾಗದಲ್ಲಿ ಡಂಗುರ ಸಾರಿದ್ದು ನಿಮಗೆ ನೆನಪಿರಬಹುದು. ಪುಸ್ತಕ ಯಾವಾಗ ಅಂತ ನೀವು ಈಗಲೂ ಕಾಗದ ಬರೆಯುತ್ತಿದ್ದೀರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದೀಪಾವಳಿ ಕಳೆದ ಮೇಲೆ ಬಿಳೂರಿಗೆ ಹೋದೆ. ಗುರುಬಸಪ್ಪಜ್ಜನ ದನಿ ಆಗಲೇ ಒಡೆದಿತ್ತು. ಗಂಟಲಲ್ಲಿ ಗಂಟು. ಮಿರಜಿನ ಡಾಕ್ಟರು ಪರೀಕ್ಷೆ ಮಾಡಿ, ಸಂಕ್ರಾಂತಿ ದಾಟಲಿ, ಆಪರೇಶನ್ ಮಾಡೋಣ ಅಂದಿದ್ದರು. ಜೀವ ಉಳಿಯುತ್ತದೆ, ದನಿ ಹೋಗುತ್ತದೆ ಅಂತಲೂ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅಜ್ಜ ಇದನ್ನೆಲ್ಲ ಎತ್ತಿನ ಕಾಲು ಉಳುಕಿದ ಸುದ್ದಿಯ ಹಾಗೆ ಸರಾಗವಾಗಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮ ಹತ್ರ ದನಿ ಹಿಡಿಯೂ ಮಿಶನ್ ಅದ ಅಂತಲ್ರಿ. ಗಂಟಲಾ ಹೋಗೂದ್ರಾಗ ಅಷ್ಟೂ ಪದಾ ಹಿಡಕೋರಿ. ನನ್ನ ಕೂಡ ಮುಗದ ಹೋಗಬಾರದು."

ನಾನು ಕೇಳಿಕೊಳ್ಳಬೇಕಾಗಿದ್ದ ಮಾತು. ಅವರೇ ಕೇಳಿಕೊಂಡರು.

ಓಲೆ ತೋರಿಸಿ ಅಂದೆ. ದೂರದಿಂದ ತೋರಿಸಿದರು. ಕೆಂಪು ಅರಿವೆಯಲ್ಲಿ ಸುತ್ತಿದ ದಪ್ಪನೆಯ ಕಟ್ಟು. ಬಿಚ್ಚುವಂತಿಲ್ಲ. ಶ್ರಾವಣದ ಮೊದಲ ಸೋಮವಾರ ಬಿಚ್ಚಿ, ತಿಂಗಳಿಡೀ ಹಾಡಿ, ಮತ್ತೆ ಕಟ್ಟಿ ಇಡುವುದು ಆ ಮನೆಯ ಪದ್ಧತಿ. ನಡುವೆ ಯಾರೂ ಕೈ ಹಚ್ಚುವುದಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಅದರಲ್ಲಿ ಏನಿದೆ, ಹೇಗೆ ಬರೆದಿದ್ದಾರೆ ಅಂತ ಒಂದು ಮಾತೂ ಕೇಳಲಿಲ್ಲ. ದಪ್ಪ ನೋಡಿಯೇ ನನ್ನ ಹೊಟ್ಟೆ ತಣ್ಣಗಾಗಿತ್ತು. ಸಾಹಿತ್ಯ ಅಲ್ಲಿ ಭದ್ರವಾಗಿದೆ, ಧಾಟಿಯೊಂದನ್ನು ಟೇಪಿನಲ್ಲಿ ಹಿಡಿದರೆ ಕೆಲಸ ಮುಗಿಯಿತು ಅಂದುಕೊಂಡೆ.

ಈಗ ಆ ಟೇಪಿನ ವಿಷಯ.

ನನ್ನ ರೆಕಾರ್ಡರು ಪುಣೆಯ ಗೆಳೆಯನೊಬ್ಬ ಬಿಟ್ಟುಹೋದದ್ದು. ಅವನ ಹತ್ತಿರ ಒಂದು ಟ್ರಂಕಿನ ತುಂಬ ರಾಕ್ ರೆಕಾರ್ಡುಗಳಿದ್ದವು. ಅವನು ಪರದೇಶಕ್ಕೆ ಹೊರಡುವ ಮುಂಚೆ ಎರಡು ದಿನ ಅವನ ಕೋಣೆಯಲ್ಲಿ ಕೂತು ನನಗೆ ಬೇಕಾದ ಹಾಡುಗಳನ್ನೆಲ್ಲ ಟೇಪಿನ ಒಂದು ಸ್ಪೂಲಿಗೆ ತುಂಬಿಕೊಂಡೆ. ಎರಡೂ ಮಗ್ಗುಲು, ಒಂದು ಇಂಚೂ ಬಿಡದೆ. ಗೆಳೆಯ ಹೋದ, ಟ್ರಂಕೂ ಹೋಯಿತು. ಆ ಹಾಡುಗಳು ಜತ್ತದಲ್ಲಿ ಮತ್ತೆಲ್ಲಿ ಸಿಕ್ಕಾವು? ನನ್ನ ಹತ್ತಿರ ಇದ್ದದ್ದು ಆ ಸ್ಪೂಲು ಒಂದೇ. ಅದರ ಮೇಲೆ ಹೊಸದನ್ನು ಹಿಡಿದರೆ ಹಳೆಯದು ಅಳಿದುಹೋಗುತ್ತದೆ.

ಸಾಂಗಲಿಯ ಒಂದು ಅಂಗಡಿಯಲ್ಲಿ ಹೊಸ ಟೇಪು ಕೇಳಿದೆ. ಇಲ್ಲ ಅಂದರು. (ಎರಡನೆಯ ಅಂಗಡಿಗೆ ಹೋದೆನೇ? ಹೋಗಲಿಲ್ಲ. ಬಸ್ಸಿನ ಹೊತ್ತಾಗಿತ್ತು.) ಮುಂಬೈಯ ಪರಿಚಯದವರೊಬ್ಬರಿಗೆ ಕಾಗದ ಬರೆದೆ. ಅಷ್ಟರಲ್ಲಿ ದಿನ ಓಡುತ್ತಿವೆ ಅನ್ನಿಸಿ, ಇರುವ ಟೇಪನ್ನೇ ಅಳಿಸಿಬಿಡೋಣ ಅಂತ ಗಟ್ಟಿ ಮನಸ್ಸು ಮಾಡಿ, ಮಿಶನ್ ಹೊತ್ತುಕೊಂಡು ಬಿಳೂರಿಗೆ ಹೋದೆ.

ಹಾಗಿದ್ದರೆ ಮೊದಲು ರಾಕ್ ಯಾಕೆ ಹಾಕಿದೆ? ಮಿಶನ್ ಸರಿ ಇದೆಯೋ ಇಲ್ಲವೋ ನೋಡಲು ಅಂತ ಅಜ್ಜನಿಗೆ ಹೇಳಿದೆ. ಸುಳ್ಳು. ಅಳಿಸುವ ಮುಂಚೆ ನನಗೆ ಇನ್ನೊಂದು ಸಲ ಕೇಳಬೇಕಿತ್ತು.

ಅಜ್ಜನಿಗೆ ನನ್ನ ಮುಖದಲ್ಲಿ ಏನು ಕಂಡಿತೋ. ಇದರ ಮೇಲೆ ನನ್ನ ದನಿ ಹಿಡಿದರೆ ಈ ಹುಡುಗ ಏನಾಗುತ್ತಾನೆ ಅಂತ ಕೇಳಿದರು. ಅಳಿಸಿಹೋಗುತ್ತಾನೆ ಅಂದೆ.

"ಬ್ಯಾಡ ತಗೀರಿ. ಅಂವಾ ಭಾಳ ಕಷ್ಟಪಟ್ಟ ಹಾಡ್ಯಾನ. ಹೊಸಾದು ತರ್ರಿ, ನಾ ಇರ್ತೀನಲ್ಲ."

ಭಾಷೆ ತಿಳಿಯದು, ಮುಖ ಕಂಡಿಲ್ಲ, ಏಳು ಸಮುದ್ರದ ಆಚೆಯವನು. ಆದರೂ ಒಬ್ಬ ಹಾಡುಗಾರ ಇನ್ನೊಬ್ಬ ಹಾಡುಗಾರನಿಗೆ ಕೊಟ್ಟ ಮರ್ಯಾದೆ ಅದು. ನಾನು ಏನು ಮಾಡಬೇಕಿತ್ತು? ಇಲ್ಲ ಅಜ್ಜಾರ, ನೀವು ಹಾಡ್ರಿ, ಅನ್ನಬೇಕಿತ್ತು. ಬಾಯುಪಚಾರಕ್ಕೆ ಒಂದು ಸಲ 'ಇರಲಿ ಬಿಡ್ರಿ' ಅಂದು, ಅವರು ಮನಸ್ಸು ಬದಲಿಸುವ ಮೊದಲೇ ಮಿಶನ್ನಿಗೆ ಮುಚ್ಚಳ ಹಾಕಿದೆ. ನಿಜ ಹೇಳುತ್ತೇನೆ, ಖುಷಿಯಾಗಿತ್ತು. ಜತ್ತಕ್ಕೆ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕೂತಿದ್ದೆ.

ಮುಂಬೈಯಿಂದ ಉತ್ತರ ಬಂತು, ಟೇಪು ಬರಲಿಲ್ಲ. ಸಂಕ್ರಾಂತಿಗೆ ಇನ್ನೂ ಹದಿನೈದು ದಿನ ಇದೆ ಅನ್ನುವಾಗ ಮಲ್ಲಪ್ಪ ಮಧ್ಯಾಹ್ನದ ಬಿಡುವಿನಲ್ಲಿ ಶಾಲೆಗೆ ಬಂದ. ಗಂಟು ಬೆಳೆದು ಉಸಿರಿಗೆ ಅಡ್ಡ ಬರುತ್ತಿದೆ, ನಾಡಿದ್ದೇ ಮಿರಜಿಗೆ ಕರೆದೊಯ್ಯಬೇಕು ಅಂದ. ಅಪ್ಪ ನಿಮ್ಮ ದಾರಿ ನೋಡುತ್ತಿದ್ದಾನೆ, ಒಡಕು ದನಿಯಾದರೂ ಚಿಂತೆಯಿಲ್ಲ, ನಾಳೆ ಒಂದು ದಿನ ಪೂರ್ತಿ ಕೂತು ಹಾಡುತ್ತೇನೆ ಅನ್ನುತ್ತಿದ್ದಾನೆ ಅಂದ.

ಇಡೀ ಒಂದು ದಿನ ಇತ್ತು. ಮಿಶನ್ ಮನೆಯಲ್ಲಿತ್ತು, ಅಳಿಸಬಹುದಾಗಿದ್ದ ಆ ಸ್ಪೂಲೂ ಇತ್ತು. ಸೆಲ್ಲು ಹೊಸವು. ಬಿಳೂರಿಗೆ ಬಸ್ಸಿತ್ತು. ಕೇಳಿದರೆ ಹೆಡ್‌ಮಾಸ್ತರರು ರಜೆ ಕೊಡುತ್ತಿದ್ದರು. ನಾನು ಮಲ್ಲಪ್ಪನಿಗೆ ಏನು ಹೇಳಿದೆ ಗೊತ್ತೇ?

"ಉಸರಿಗೆ ತ್ರಾಸ ಇದ್ದಾಗ ಹಾಡಸೂದು ಬ್ಯಾಡ ಮಲ್ಲಪ್ಪ. ಓಲಿ ಅದಾವಲ್ಲ. ಅಜ್ಜಾರು ಆರಾಮಾಗಿ ಬರ್ಲಿ."

ಎಷ್ಟು ದಯಾವಂತ ನೋಡಿ ನಾನು! ಅಜ್ಜನ ಉಸಿರಿನ ಚಿಂತೆ ನನಗೆ ಇರಲಿಲ್ಲ ಅಂತಲ್ಲ, ಇತ್ತು. ಆದರೆ ಆ ಚಿಂತೆ ಸರಿಯಾದ ಸಮಯಕ್ಕೆ ನನ್ನ ನೆರವಿಗೆ ಬಂತು. ಮಲ್ಲಪ್ಪ ತಲೆಯಾಡಿಸಿ ಹೊರಟುಹೋದ. ಓದಿದ ಮನುಷ್ಯ ಬೇಡ ಅಂದ ಮೇಲೆ ಅಂಗಡಿಯವನು ಏನು ವಾದ ಮಾಡುತ್ತಾನೆ? ಸಂಜೆ ಹೆಂಡತಿಗೆ ಹೇಳಿದೆ. ಅವಳು ಹಿಟ್ಟು ಸೋಸುವುದನ್ನು ನಿಲ್ಲಿಸಿ, ನೀವು ಹೋಗಬೇಕಿತ್ತು ಅಂದಳು. ನಾನು ಸಿಟ್ಟು ಮಾಡಿದೆ.

ಆಪರೇಶನ್ ಚೆನ್ನಾಗಿ ಆಯಿತು. ಡಾಕ್ಟರು ಹೇಳಿದ ಹಾಗೆಯೇ ಜೀವ ಉಳಿಯಿತು. ಹೋಳಿ ಹುಣ್ಣಿಮೆಯ ಹೊತ್ತಿಗೆ ಮುಂಬೈಯಿಂದ ಹೊಸ ಟೇಪೂ ಬಂತು. ಸುತ್ತಿದ ಕಾಗದವನ್ನು ಇನ್ನೂ ಬಿಚ್ಚಿಲ್ಲ.

ಈ ಶ್ರಾವಣದ ಮೊದಲ ಸೋಮವಾರ, ದಪ್ಪ ನೋಟ್‌ಬುಕ್ಕು, ಎರಡು ಪೆನ್ನು, ಒಂದು ಭೂತಗನ್ನಡಿ ಹಿಡಿದುಕೊಂಡು ಬಿಳೂರಿಗೆ ಹೋದೆ. ಧಾಟಿ ಹೋಯಿತು, ಸಾಹಿತ್ಯವಾದರೂ ಸಿಗಲಿ ಅಂತ. ಗುರುಬಸಪ್ಪಜ್ಜ ಕುತ್ತಿಗೆಗೆ ತೆಳ್ಳನೆಯ ಬಿಳಿ ಅರಿವೆ ಸುತ್ತಿಕೊಂಡು ಕೂತಿದ್ದರು. ಅದರ ಹಿಂದಿನ ತೂತಿನಿಂದ ಉಸಿರು ಸುಯ್ ಅಂತ ಬಂದು ಹೋಗುತ್ತಿತ್ತು. ಪೂಜೆ ಮಾಡಿದರು. ಕಟ್ಟು ಬಿಚ್ಚಿದರು. ಮೊದಲ ಓಲೆ ತೆಗೆದು ನನ್ನ ಮುಂದಿಟ್ಟರು.

ಮೇಲೆ ನಾಲ್ಕೈದು ಶಬ್ದಗಳ ಒಂದು ಸಾಲು. ಅದರ ಕೆಳಗೆ, ಇದನ್ನು ಕಟ್ಟಿದವರು ಇಂಥವರು. ಅವರು ಇಂಥವರಿಗೆ ಬಾಯಿಪಾಠ ಕೊಟ್ಟರು. ಅವರು ಮಗನಿಗೆ ಕೊಟ್ಟರು. ಆ ಮಗ ಗುರುಬಸಪ್ಪನಿಗೆ ಕೊಟ್ಟ. ಮುಂದೆ ಓಲೆ ಖಾಲಿ.

ಎರಡನೆಯ ಓಲೆ ತೆಗೆದೆ. ಬೇರೆ ಹಾಡಿನ ಮೊದಲ ಸಾಲು, ಕೆಳಗೆ ಆ ಮನೆಯವರದೇ ಹೆಸರುಗಳು, ಕೊನೆಗೆ ಗುರುಬಸಪ್ಪ, ಖಾಲಿ. ಹತ್ತನೆಯದೂ ಹಾಗೆಯೇ. ಐವತ್ತನೆಯದೂ. ಕಡೆಯ ಓಲೆಯ ತನಕ ಒಂದೊಂದನ್ನೂ ತಿರುವಿ ನೋಡಿದೆ. ಯಾರು ಯಾರಿಂದ ಕಲಿತರು ಅಂತ ಜನ್ಮವಿಡೀ ಹುಡುಕಿದವ ನಾನು. ಆ ಉತ್ತರ ಒಂದಕ್ಷರ ತಪ್ಪದೆ ಅಲ್ಲಿತ್ತು. ಹಾಡು ಮಾತ್ರ ಒಂದೂ ಇರಲಿಲ್ಲ.

ಉಳಿದದ್ದು ಎಲ್ಲಿ ಅಂತ ಮಲ್ಲಪ್ಪನನ್ನು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು.

"ಹಾಡ ಬಾಯಾಗ ಇರ್ತದ್ರಿ ಸರ. ಓಲ್ಯಾಗ ಯಾಕ ಬರೀತಾರ? ನಿಮಗ ಗೊತ್ತಿರ್ತದ ಅಂತ ತಿಳದಿದ್ದೆ."

ಅಜ್ಜನಿಗೆ ವಿಷಯ ತಿಳಿಯಿತು. ಮಾತಾಡಬೇಕಾದಾಗ ಬರೆಯಲೆಂದು ಅವರ ಪಕ್ಕದಲ್ಲಿ ಈಗ ಸದಾ ಒಂದು ಪಾಟಿ, ಬಳಪ ಇರುತ್ತವೆ. ಪಾಟಿಯನ್ನು ತೊಡೆಯ ಮೇಲೆ ಎಳೆದುಕೊಂಡರು. ಎಡಗೈ ಮೊಣಕಾಲ ಮೇಲೆ ತಾಳ ಹಾಕತೊಡಗಿತು, ತುಟಿ ಆಡಿತು, ಒಂದು ಸಾಲು ಬರೆದರು. ಎರಡನೆಯದು ಅರ್ಧಕ್ಕೆ ನಿಂತಿತು. ಅಳಿಸಿ ಮೊದಲಿನಿಂದ ಶುರು ಮಾಡಿದರು. ಮತ್ತೆ ಅದೇ ಜಾಗದಲ್ಲಿ ನಿಂತರು. ಆಗ ಎಳೆದು ಹಾಡಲು ಬಾಯಿ ದೊಡ್ಡದಾಗಿ ತೆರೆದರು. ಕುತ್ತಿಗೆಯ ಅರಿವೆ ಅಷ್ಟೇ ಹಾರಿತು.

ಮರೆತಿರಲಿಲ್ಲ ಅವರು. ಅರವತ್ತು ವರ್ಷ ದನಿ ಮುಂದೆ ಹೋಗಿದೆ, ಮಾತು ಅದರ ಹಿಂದೆ ಬಂದಿದೆ. ದನಿ ಹೋಗದೆ ಮಾತು ಬರುವುದು ಹೇಗೆ? ನಾಲ್ಕು ಹಾಡು ಪ್ರಯತ್ನ ಮಾಡಿದರು. ಒಂದೂ ಎರಡನೆಯ ಸಾಲು ದಾಟಲಿಲ್ಲ. ಆಮೇಲೆ ಪಾಟಿ ಸರಿಸಿ ನನ್ನನ್ನೇ ನೋಡುತ್ತ ಕೂತರು. ಅದೇ ಪಾಟಿಯ ಮೇಲೆ ನನ್ನನ್ನು ಬೈದು ಬರೆಯಬಹುದಿತ್ತು. ಬರೆಯಲಿಲ್ಲ. ಸೊಸೆಗೆ ಸನ್ನೆ ಮಾಡಿ ನನಗೆ ಚಹಾ ತರಿಸಿದರು. ನಾನು ಕುಡಿದೆ. ನಾಚಿಕೆಗೇಡಿ, ಪೂರ್ತಿ ಕುಡಿದೆ.

ರಾಕ್ ಹಾಡುಗಳ ಆ ಟೇಪನ್ನು ಸುಟ್ಟು ಹಾಕಿದೆನೇ ಅಂತ ಕೇಳುತ್ತೀರಾ? ಇಲ್ಲ. ಇದೆ. ಕೇಳುತ್ತೇನೆ ಕೂಡ. ಈಗಲೂ ಅದು ನನಗೆ ಇಷ್ಟವೇ. ಇಂಗ್ಲೆಂಡಿನ ಹುಡುಗನದು ಇದರಲ್ಲಿ ಏನು ತಪ್ಪು?

ಹೋದ ವಾರ ಧಾರವಾಡದ ಪ್ರಾಧ್ಯಾಪಕ ಮಿತ್ರರೊಬ್ಬರಿಗೆ ಇದನ್ನೆಲ್ಲ ಬರೆದು ಅತ್ತುಕೊಂಡೆ. ಮರುಟಪಾಲಿಗೆ ಅವರ ಉತ್ತರ ಬಂತು. ಇಷ್ಟಕ್ಕೆಲ್ಲ ಯಾಕೆ ಕೊರಗುತ್ತೀರಿ, ಮೊದಲ ಸಾಲುಗಳಿವೆ, ಕವಿಗಳ ಹೆಸರುಗಳಿವೆ, ನೀವು ಕಾದಂಬರಿಕಾರರು, ಉಳಿದ ಸಾಲುಗಳನ್ನು ನೀವೇ ತುಂಬಿಬಿಡಿ ಅಂದಿದ್ದಾರೆ. ಒಳ್ಳೆಯ ಮನುಷ್ಯರು, ನನ್ನ ಸಂಕಟ ನೋಡಲಾಗದೆಯೇ ಹಾಗೆ ಬರೆದಿದ್ದಾರೆ. ಹೇಳಿಬಿಡುತ್ತೇನೆ, ಎರಡು ಹಾಡು ತುಂಬಿಯೂ ನೋಡಿದೆ. ಚೆನ್ನಾಗಿಯೇ ಬಂದವು. ಹರಿದು ಹಾಕಿದೆ.

ಮಿತ್ರರು ಕಾಗದದ ಕೊನೆಗೆ ಕೇಳಿದ್ದಾರೆ, ಯಾರಿಗೆ ಗೊತ್ತಾಗುತ್ತದೆ ಅಂತ.

ಒಬ್ಬರಿಗೆ ಗೊತ್ತಾಗುತ್ತದೆ, ಸ್ವಾಮಿ. ಹೀಗಲ್ಲ, ಹೀಗೆ ಅಂತ ಹಾಡಿ ತೋರಿಸಲು ಅವರಿಗೆ ದನಿಯಿಲ್ಲ.